ಹಾಲಕ್ಕನ ಸಿಹಿನೀರಿನ ಬಾವಿ

ನಮ್ಮ ಸೀಮೆಯಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖ ನೋಡುವುದಕ್ಕೆ ಮೊದಲು ಕುಡಿಯಲು ನೀರು ಕೇಳುತ್ತಿದ್ದರು. ಬಿಸಿಲಲ್ಲಿ ಬಂದವರಿಗೆ ಬಾಯಾರಿಕೆ ಸಹಜ ಎಂದು ಹೊರಗಿನವರು ತಿಳಿಯಬಹುದು. ಆದರೆ ಮೊದಲ ಗುಟುಕನ್ನು ನಾಲಿಗೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿಕೊಂಡು, ಬಾಯೊಳಗೆ ಅತ್ತಿತ್ತ ಹೊರಳಿಸಿ, ಆಮೇಲೆ ನುಂಗಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಕಂಡವರಿಗೆ ವಿಷಯ ತಿಳಿಯುತ್ತಿತ್ತು. ನನ್ನನ್ನು ನೋಡಲು ಬಂದ ದಿನ, ಮುಂದೆ ನನಗೆ ಅತ್ತೆಯಾದವರು ಲೋಟ ಖಾಲಿ ಮಾಡಿ ಕೆಳಗಿಟ್ಟು, "ಬೀಗರ ಮನೆ ನೀರು ನೀರಾಗೇ ಐತೆ" ಎಂದರು. ಅಷ್ಟಕ್ಕೇ ನನ್ನ ಮದುವೆ ಗೊತ್ತಾಯಿತು.

ನಮ್ಮಲ್ಲಿ ಮನೆಗೊಂದು ಬಾವಿ. ಬೆಳಗಿನ ಮೊದಲ ಕೊಡವನ್ನು ಯಾರು ಸೇದುತ್ತಾರೋ ಅವರ ಮೈಯೊಳಗಿನದು ಆ ಮನೆಯ ಬಾವಿಗೆ ಬರುತ್ತಿತ್ತು. ಬಂದು ಹೋಗುವ ನೆಗಡಿ, ಜ್ವರಗಳನ್ನು ಬಾವಿ ಗಮನಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಬಂದು ಚಾಪೆ ಹಾಸಿ ಕೂತು, ಇನ್ನು ಏಳುವುದಿಲ್ಲ ಎನ್ನುವಂಥ ಕಾಯಿಲೆಗಳು ಮಾತ್ರ ನೀರಿಗಿಳಿಯುತ್ತಿದ್ದವು. ಉಬ್ಬಸದ ಚೌಡಜ್ಜನ ಬಾವಿ ಮೋಡ ಕಟ್ಟಿದ ದಿನ ಸುಯ್ ಎಂದು ಉಸಿರೆಳೆಯುತ್ತಿತ್ತು. ಬೀದಿಯ ಮಕ್ಕಳು ಬಗ್ಗಿ ನೋಡಿ "ಅಜ್ಜ ಒಳಗವ್ನೆ" ಎಂದು ಕಿಸಕ್ಕನೆ ನಗುತ್ತಿದ್ದವು. ಕೀಲುಬೇನೆಯ ನಿಂಗಜ್ಜಿಯ ಬಾವಿಯ ರಾಟೆ, ಎಷ್ಟು ಎಣ್ಣೆ ಬಿಟ್ಟರೂ ಬೆಳಿಗ್ಗೆ ಕದಲುತ್ತಿರಲಿಲ್ಲ. ಹೊತ್ತೇರಿ ಮೈಗೆ ಬಿಸಿಲು ತಾಗಿದ ಮೇಲೆ ತಾನಾಗಿ ಸಡಿಲವಾಗುತ್ತಿತ್ತು. ಅವರ ಮನೆಯವರು ಗೊಣಗದೆ ಅಡುಗೆಯ ಹೊತ್ತನ್ನೇ ಮುಂದಕ್ಕೆ ಹಾಕಿಕೊಂಡಿದ್ದರು. ಇನ್ನು ಪೂಜಾರಿ ದ್ಯಾಮಣ್ಣನ ಬಾವಿ ಉಪ್ಪೋ ಉಪ್ಪು. ರಕ್ತದ ಒತ್ತಡ. ಅವನಿಗೆ ತಲೆನೋವಿಲ್ಲ, ತಲೆ ಸುತ್ತಿಲ್ಲ. "ನಂಗೇನಾಗೈತೆ, ಗುಂಡುಕಲ್ಲು ಇದ್ದಂಗಿವ್ನಿ" ಎಂದು ಎದೆ ತಟ್ಟಿಕೊಂಡು ಓಡಾಡುತ್ತಿದ್ದ. ಮಾವಿನಕಾಯಿ ಕಾಲದಲ್ಲಿ ಬೀದಿಯ ಹೆಂಗಸರೆಲ್ಲ ಉಪ್ಪಿನಕಾಯಿಯ ನೀರಿಗೆ ಅವನ ಹಿತ್ತಿಲಿಗೇ ಹೋಗುತ್ತಿದ್ದರು. ನೀರು ತಂದವರು, "ಈ ವರ್ಸ ಉಪ್ಪು ಜಾಸ್ತಿ ಕಣೋ ದ್ಯಾಮಣ್ಣ, ಸ್ವಲ್ಪ ಮೈ ಕಡೆ ನೋಡ್ಕೊ" ಎಂದು ಒಂದು ಮಾತು ಹೇಳಿ ಹೋಗುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದ.

ಹಾಲಕ್ಕ ನನ್ನ ವಾರಗಿತ್ತಿ. ಪೂರ್ತಿ ಹೆಸರು ಹಾಲಮ್ಮ. ನಾನು ಆ ಮನೆಗೆ ಸೊಸೆಯಾಗಿ ಬರುವ ಮೊದಲೇ ಭಾವನವರು ತೀರಿಕೊಂಡಿದ್ದರು. ಮನೆಗೆ ಹಿರಿಯ ಸೊಸೆ ಎಂದು ಬೆಳಗಿನ ಮೊದಲ ಕೊಡ ಸೇದುವ ಹಕ್ಕು ಅವಳದು. ಅದನ್ನು ಬಿಟ್ಟರೆ ಅವಳಿಗೆಂದು ಬೇರೆ ಹಕ್ಕು ಇರಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ಬಾಗಿಲಲ್ಲಿ ನಿಂತು ನನ್ನ ಹೆಸರು ಹಿಡಿದು ಕರೆದು, ಅವಳ ಕಡೆಗೆ ಒಂದು ನಗು ಚೆಲ್ಲಿ ಹೋಗುತ್ತಿದ್ದರು. ಮದುವೆಮನೆಯಲ್ಲಿ ಅವಳು ಒಲೆಯ ಮುಂದಿನ ಹೊಗೆಯಲ್ಲಿರುತ್ತಿದ್ದಳು. ಧಾರೆಯ ಹೊತ್ತಿಗೆ ಅವಳಾಗಿಯೇ ಹಿತ್ತಿಲಿಗೆ ಸರಿಯುತ್ತಿದ್ದಳು. ಇದರ ಬಗ್ಗೆ ಅವಳು ಎಂದೂ ಒಂದು ಮಾತಾಡಿದವಳಲ್ಲ. ಸಂಜೆ ದೀಪ ಹಚ್ಚಿ, ದೇವಿ ತಂಪಿನಮ್ಮನ ಪದ ಹೇಳಿಕೊಳ್ಳುತ್ತ ಅವರೆಕಾಳು ಹಿತುಕುವಾಗ ಅವಳ ಮುಖದಲ್ಲಿ ಇರುತ್ತಿದ್ದ ಶಾಂತಿಯನ್ನು ನೆನೆದರೆ ಈಗಲೂ ನನ್ನ ಎದೆ ತಣ್ಣಗಾಗುತ್ತದೆ.

ಒಂದು ವರ್ಷ ಬೇಸಿಗೆಗೆ ಮುಂಚೆ ಅವಳಿಗೆ ತಡೆಯಲಾರದ ಬಾಯಾರಿಕೆ ಶುರುವಾಯಿತು. ಕುಡಿದದ್ದೇ ಕುಡಿದದ್ದು, ಹಿತ್ತಿಲಿಗೆ ಹೋದದ್ದೇ ಹೋದದ್ದು. ಉಣ್ಣುವುದು ಕಡಿಮೆಯಾಗಲಿಲ್ಲ, ಆದರೂ ರವಿಕೆ ಸಡಿಲವಾಗುತ್ತ ಬಂತು. ಒಂದು ಬೆಳಿಗ್ಗೆ ಬಾವಿಕಟ್ಟೆಯಿಂದ ಕೂಗಿದಳು.

"ಗಿರ್ಜಿ, ಕೊಡದಾಗೆ ಬೆಲ್ಲ ಏನಾದ್ರೂ ಬಿದ್ದೈತಾ ನೋಡ್ ಬಾರೆ."

ನಾನು ಬೊಗಸೆಯಲ್ಲಿ ಎತ್ತಿ ಕುಡಿದೆ. ಎಳನೀರಿಗಿಂತ ಸಿಹಿ. ಇಬ್ಬರೂ ಬಗ್ಗಿ ಬಾವಿಯೊಳಗೆ ನೋಡಿದೆವು.

ಸುದ್ದಿ ಬೀದಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಮಧ್ಯಾಹ್ನದೊಳಗೆ ಕೊಡ, ಚೆಂಬು, ತಪ್ಪಲೆ ಹಿಡಿದು ಹೆಂಗಸರು ಬಂದರು. ಮೊನ್ನೆವರೆಗೂ ಬಾಗಿಲಲ್ಲಿ ನನ್ನ ಹೆಸರು ಮಾತ್ರ ಕೂಗುತ್ತಿದ್ದವರು "ಹಾಲಕ್ಕ, ಹಾಲಕ್ಕ" ಎಂದು ನೇರವಾಗಿ ಹಿತ್ತಿಲಿಗೆ ನಡೆದರು. ಯಾರ ಮನೆಯ ಕಾಫಿಗೂ ಸಕ್ಕರೆ ಬೇಡವಾಯಿತು. ಬಾಣಂತಿಯ ಮನೆಯವರು ಬಂದರು, ಸೀಮಂತದ ಮನೆಯವರು ಬಂದರು. ಪಕ್ಕದ ಮನೆಯ ಶಂಕ್ರವ್ವ ತನ್ನ ಮಗಳ ಮದುವೆಯ ಪಾಯಸಕ್ಕೆಂದು ಹಂಡೆಯನ್ನೇ ಹೊತ್ತು ತಂದು, "ನಿನ್ನ ಕೈಯಾರೆ ಸೇದಿ ತುಂಬ್ಸವ್ವ" ಎಂದಳು. ಅಕ್ಕ ಸೆರಗು ಸಿಕ್ಕಿಸಿಕೊಂಡು ಸೇದಿದಳು.

ತಂಪಿನಮ್ಮ ನಮ್ಮೂರ ದೇವತೆ. ಊರ ಕೊನೆಯಲ್ಲಿ ಚಿಕ್ಕ ಗುಡಿ, ಒಳಗೆ ಮೂರ್ತಿ ಎಂಬುದಿಲ್ಲ. ಕರಿಕಲ್ಲಿನ ಒಂದು ನೆಲ, ಅಷ್ಟೆ. ಹೊರಗೆ ಬಂಡೆ ಸಿಡಿಯುವಂಥ ಬಿಸಿಲಿದ್ದರೂ ಆ ನೆಲ ಮಂಜಿನಂತೆ ತಣ್ಣಗಿರುತ್ತಿತ್ತು. ಅಂಗಾಲಿನಿಂದ ಹತ್ತಿ ನೆತ್ತಿಯವರೆಗೆ ಹರಿಯುವ ಆ ತಂಪೇ ಅಮ್ಮನ ದರ್ಶನ. ಚೈತ್ರದ ಹುಣ್ಣಿಮೆಯಂದು ಅವಳಿಗೆ ಪಾನಕದ ಸೇವೆ. ಬೆಲ್ಲ ಹಾಕುವಂತಿಲ್ಲ. ಊರಲ್ಲಿ ಅತಿ ಸಿಹಿಯಾದ ಬಾವಿಯ ನೀರಿಗೆ ಏಲಕ್ಕಿ, ಶುಂಠಿ, ಮೆಣಸು, ನಿಂಬೆಹಣ್ಣು ಸೇರಿಸಿದರೆ ಅದೇ ಪಾನಕ. ಮಕ್ಕಳ ಮೈಯಲ್ಲಿ ಅತಿಯಾದದ್ದನ್ನು ತಾಯಿ ತೆಗೆದುಕೊಂಡು ತಂಪು ಮಾಡುತ್ತಾಳೆ ಎಂದು ಹಿಂದಿನವರು ಮಾಡಿಟ್ಟ ಪದ್ಧತಿಯಂತೆ ಅದು. ಆ ಬಾವಿಯ ಮೊದಲ ಕೊಡ ಸೇದುವವರೇ ಬಿಂದಿಗೆ ಹೊರಬೇಕು. ಅವರು ಗಂಡಸಾಗಲಿ, ಹೆಂಗಸಾಗಲಿ, ಮುತ್ತೈದೆಯಾಗಲಿ, ಆಗದಿರಲಿ, ಅಮ್ಮನಿಗೆ ಭೇದವಿಲ್ಲ.

ಆ ವರ್ಷ ಬಿಂದಿಗೆ ಹಾಲಕ್ಕನ ತಲೆಗೇರಿತು. ಮುಂದೆ ಡೋಲು, ಹಿಂದೆ ಬೀದಿಗೆ ಬೀದಿಯೇ. ಮನೆಮನೆಯ ಮುಂದೆ ಮುತ್ತೈದೆಯರು ಅವಳ ಕಾಲಿಗೆ ನೀರೆರೆದು, ಬಿಂದಿಗೆಗೆ ಹೂವೇರಿಸಿ ಕೈಮುಗಿದರು. ಗುಡಿಯ ಬಾಗಿಲಲ್ಲಿ ಅವಳು ಒಮ್ಮೆ ತಿರುಗಿ ನನ್ನನ್ನು ಹುಡುಕಿ ನೋಡಿದಳು. ಸಣ್ಣ ಹುಡುಗಿಯೊಬ್ಬಳು ಹೊಸ ಲಂಗ ಉಟ್ಟು ಕನ್ನಡಿಯಲ್ಲಿ ನೋಡಿಕೊಂಡ ಹಾಗಿತ್ತು ಆ ನೋಟ. ಆಮೇಲಿನ ವರ್ಷಗಳಲ್ಲೂ ಬಿಂದಿಗೆ ಬೇರೆ ಮನೆಗೆ ಹೋಗಲಿಲ್ಲ.

ಡಾಕ್ಟರಮ್ಮ ನಮ್ಮೂರ ಆಸ್ಪತ್ರೆಗೆ ಬಂದದ್ದು ಆ ದಿನಗಳಲ್ಲೇ. ವತ್ಸಲಾ ಎಂದು ಹೆಸರು. ಕೊಳವೆಯಲ್ಲಿ ನೀಲಿ ದ್ರಾವಣ ಕಾಯಿಸಿ ಮೂತ್ರ ಪರೀಕ್ಷೆ ಮಾಡುವ ಕಾಲ ಅದು. ಅಕ್ಕನದು ಇಟ್ಟಿಗೆ ಕೆಂಪಿಗೆ ತಿರುಗಿತು, ಎಂದರೆ ಸಕ್ಕರೆ ಕಾಯಿಲೆ. ಡಾಕ್ಟರಮ್ಮ ಅಷ್ಟಕ್ಕೆ ಬಿಡದೆ ಒಂದು ದಿನ ಮನೆಗೇ ಬಂದು, ಬಾವಿಯ ನೀರು ಕುಡಿದು, ಹಗ್ಗವನ್ನು ಕೈಯಲ್ಲಿ ಹಿಡಿದು ನೋಡಿದರು. ಹಗ್ಗಕ್ಕೆ ಇರುವೆ ಮುತ್ತಿತ್ತು, ಎಳೆ ಎಳೆಯಾಗಿ ಮೆತ್ತಗಾಗಿತ್ತು.

"ನೀರು ಸಿಹಿಯಾದ ಮೇಲೆ ಹಗ್ಗ ಬೇಗ ಬೇಗ ಬದಲಾಯಿಸ್ತಾ ಇದೀರಾ ಹಾಲಮ್ಮನವರೆ?"

"ಹೂಂ ಕಣವ್ವ. ಮೊದ್ಲು ವರ್ಸಗಟ್ಲೆ ಬರದು. ಈಗ ಹಾಕಿದಂಗೆ ಕೊಳೆತೋಯ್ತದೆ."

"ಇದೇ ಸಿಹಿ ನಿಮ್ಮ ರಕ್ತದಲ್ಲೂ ಹರೀತಾ ಇದೆ. ಹಗ್ಗ ಆದ್ರೆ ಸಂತೇಲಿ ಸಿಗುತ್ತೆ. ಕಣ್ಣಿನ ನರ, ಕಾಲಿನ ನರ ಯಾವ ಸಂತೇಲಿ ತರ್ತೀರಿ?"

ಅಕ್ಕ ನಕ್ಕುಬಿಟ್ಟಳು. "ನಂಗೇನೂ ನೋವಿಲ್ಲ ಕಣವ್ವ" ಎಂದಳು. ನೋವಿಲ್ಲದ್ದೇ ಈ ಕಾಯಿಲೆಯ ಮೋಸ ಎಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಅದು ಅವಳ ಕಿವಿಗೆ ಇಳಿಯಲಿಲ್ಲ. ಕೊಟ್ಟ ಮಾತ್ರೆಯನ್ನು ಪ್ರತಿ ವರ್ಷ ಸೇವೆ ಮುಗಿದ ಮೇಲೆ ನಿಯತ್ತಾಗಿ ನುಂಗುತ್ತಿದ್ದಳು. ದಸರೆ ಕಳೆದ ಮೇಲೆ ನೆನಪಾದಾಗ ನುಂಗುತ್ತಿದ್ದಳು. ನೀರು ಸಪ್ಪೆಯಾಗುತ್ತ ಬಂದು ಬೀದಿಯವರ ಮುಖ ಸಪ್ಪೆಯಾದಾಗ, ಅವರೆಕಾಯಿ ಮುಗಿಯುವ ಹೊತ್ತಿಗೆ, ಮಾತ್ರೆಯ ಡಬ್ಬಿ ಅಟ್ಟ ಸೇರುತ್ತಿತ್ತು. ಆಮೇಲೆ ಹೋಳಿಗೆ, ಕರ್ಜಿಕಾಯಿ, ಒಬ್ಬರಲ್ಲ ಒಬ್ಬರು ತಟ್ಟೆ ತುಂಬಿ ತಂದು ಮುಂದಿಡುತ್ತಿದ್ದರು. "ತಿನ್ನು ಹಾಲಕ್ಕ, ಅಮ್ಮನ ಸೇವೆ ಐತೆ." ಯಾರದೂ ಕೆಟ್ಟ ಮನಸ್ಸಲ್ಲ. ಸಿಹಿನೀರು ಕೊಡುವ ಕಾಯಿಲೆ ಕೆಟ್ಟದ್ದು ಹೇಗಾದೀತು ಎಂದು ನಾವೆಲ್ಲ ನಂಬಿದ್ದೆವು.

ಹೀಗಿರುವಾಗ ಒಂದು ವರ್ಷ, ಸೇವೆಗೆ ಇನ್ನೂ ಎರಡು ಹುಣ್ಣಿಮೆ ಇತ್ತು, ನಾನು ಬೆಳಿಗ್ಗೆ ನಡುಮನೆ ಒರೆಸಲು ಬಂದವಳು ಬಾಗಿಲಲ್ಲೇ ನಿಂತೆ. ಹಿತ್ತಿಲ ಬಾಗಿಲಿಂದ ದೇವರ ಗೂಡಿನವರೆಗೆ ನೆಲದ ಮೇಲೆ ಕೆಂಪು ಹೆಜ್ಜೆಗಳು. ಹಬ್ಬದ ದಿನ ಕುಂಕುಮ ಕಲಸಿ ಲಕ್ಷ್ಮಿಯ ಪಾದ ಬರೆಯುತ್ತೇವಲ್ಲ, ಹಾಗೆಯೇ. ಇವತ್ತು ಯಾವ ಹಬ್ಬ ಎಂದು ನೆನಪಿಸಿಕೊಳ್ಳಲು ನೋಡಿದೆ. ಆಮೇಲೆ ಕಂಡಿತು, ಹೆಜ್ಜೆಗಳೆಲ್ಲ ಎಡಗಾಲಿನವು.

ಅಕ್ಕ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು.

"ಅಕ್ಕ, ನಿನ್ ಕಾಲು."

"ಏನಾಗೈತೆ ಕಾಲಿಗೆ?"

ಎತ್ತಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಜಾಲಿಮುಳ್ಳು ಪೂರ್ತಿ ಒಳಗೆ ಹೋಗಿ, ಸುತ್ತ ಬಾತು, ಕೀವು ಕಟ್ಟಿ ಒಡೆದಿತ್ತು. ಮುಳ್ಳು ಹೊಕ್ಕದ್ದು ನಿನ್ನೆ ಮೊನ್ನೆಯದಲ್ಲ. ಅಕ್ಕ ನನ್ನ ಕೈಯಲ್ಲಿದ್ದ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿದಳು.

ಡಾಕ್ಟರಮ್ಮ ಮುಳ್ಳು ತೆಗೆದು, ತೊಳೆದು, ಬಟ್ಟೆ ಕಟ್ಟಿದರು. ಅಕ್ಕನ ಬಾಯಿಂದ ಒಂದು ಹಾ ಎನ್ನುವ ಸದ್ದೂ ಬರಲಿಲ್ಲ. ನನಗೆ ಅದೇ ಹೆದರಿಕೆಯಾಯಿತು. ಆಮೇಲೆ ಡಾಕ್ಟರಮ್ಮ ಒಂದು ಚೂರು ಹತ್ತಿಯನ್ನು ಎಳೆದು ತುದಿ ಚೂಪು ಮಾಡಿಕೊಂಡರು.

"ಕಣ್ಣು ಮುಚ್ಕೊಳ್ಳಿ ಹಾಲಮ್ಮನವರೆ. ನಾನು ಕಾಲಿನ ಬೆರಳು ಮುಟ್ತೀನಿ. ಯಾವ ಬೆರಳು ಅಂತ ನೀವು ಹೇಳ್ಬೇಕು."

ಅಕ್ಕ ಕಣ್ಣು ಮುಚ್ಚಿದಳು. ಡಾಕ್ಟರಮ್ಮ ಎಡಗಾಲಿನ ಕಿರುಬೆರಳು ಮುಟ್ಟಿದರು. ಮಧ್ಯದ ಬೆರಳು ಮುಟ್ಟಿದರು. ಬಲಗಾಲಿಗೆ ಬಂದು ಒಂದೊಂದಾಗಿ ಎಲ್ಲವನ್ನೂ ಮುಟ್ಟಿ, ಅಂಗಾಲಿನ ಮೇಲೆ ಗೆರೆ ಎಳೆದರು. ಅಕ್ಕ ಪಾಠ ಒಪ್ಪಿಸಲು ಕಾದ ಮಗುವಿನಂತೆ ತಲೆ ಎತ್ತಿಕೊಂಡು ಕೂತಿದ್ದಳು.

"ಹೇಳಿ."

"ನೀವು ಮೊದ್ಲು ಮುಟ್ಟಿ. ಆಮ್ಯಾಕೆ ಹೇಳ್ತೀನಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ತಿರುಗಿದೆ.

"ಗಾಯ ಮಾಯಬೇಕಾದ್ರೆ ಸಿಹಿ ಇಳೀಬೇಕು" ಎಂದರು ಡಾಕ್ಟರಮ್ಮ. "ಮಾತ್ರೆ ಸಾಲದು, ಸೂಜಿಮದ್ದೂ ಬೇಕು. ಬೆರಳು ಕಪ್ಪಗಾದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ. ಅಲ್ಲಿ ಬೆರಳು ತೆಗೀತಾರೆ. ಬೆರಳಿಗೇ ಮುಗಿಯುತ್ತೆ ಅಂತ ನಾನು ಹೇಳಲ್ಲ."

"ಸೇವೆ ಒಂದು ಆಗೋಗ್ಲಿ ಕಣವ್ವ. ಆಮ್ಯಾಕೆ ನೀವೇಳಿದಂಗೆ."

"ಬಿಂದಿಗೆ ಹೊರೋದಕ್ಕೆ ಕಾಲು ಬೇಡ್ವಾ?"

ಗಾಡಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಹೇಳುತ್ತಲೇ ಬಂದೆ, ಬೇಡಿಕೊಂಡೆ, ಬೈದೆ. ಅವಳು ಹೊರಗೆ ನೋಡುತ್ತ ಕೂತಿದ್ದಳು. ಕೊನೆಗೆ ಒಂದೇ ಮಾತು ಹೇಳಿದಳು.

"ನಿಂಗೆ ಗೊತ್ತಾಗಕ್ಕಿಲ್ಲ ಗಿರ್ಜಿ. ನಿನ್ನ ಕರೆಯಾಕೆ ಅವರಿಗೆ ಬಾವಿ ಬೇಕಾಗಿರ್ಲಿಲ್ಲ."

ಅವಳ ಬರಿದಾದ ಕೊರಳು, ನನ್ನ ಕೊರಳಿನ ತಾಳಿ, ಆ ಗಾಡಿಯ ಕುಲುಕಾಟದಲ್ಲಿ ಎದುರುಬದುರಾಗಿ ಕೂತಿದ್ದವು.

ಗುಡಿ ಹತ್ತಿರ ಬಂದಾಗ ಅಕ್ಕ ಗಾಡಿ ನಿಲ್ಲಿಸು ಎಂದಳು. ನನ್ನ ಹೆಗಲು ಹಿಡಿದು, ಕಟ್ಟು ಹಾಕಿದ ಎಡಗಾಲನ್ನು ಮೇಲೆತ್ತಿ, ಬಲಗಾಲನ್ನು ಅಮ್ಮನ ಕರಿಕಲ್ಲಿನ ಮೇಲಿಟ್ಟಳು. ಕಣ್ಣು ಮುಚ್ಚಿ ನಿಂತಳು. ಒಳಗೆ ಎಣ್ಣೆ ದೀಪದ ವಾಸನೆ. ಬಹಳ ಹೊತ್ತಾದ ಮೇಲೆ ಕೇಳಿದಳು.

"ನೆಲ ತಣ್ಣಗೈತಾ ಗಿರ್ಜಿ?"

"ಐತೆ ಅಕ್ಕ. ಮಂಜು ಮಂಜು."

"ದಿಟ?"

"ಅಮ್ಮನಾಣೆ."

ಅವಳು ಮತ್ತೆ ಅಂಗಾಲನ್ನು ಕಲ್ಲಿಗೆ ಒತ್ತಿದಳು. ಒತ್ತಿ ಉಜ್ಜಿದಳು. "ನಂಗೆ ತಿಳೀತಿಲ್ಲ ಕಣೆ. ಎಷ್ಟು ವರ್ಸದಿಂದ ತಿಳೀತಿಲ್ವೋ ಅದೂ ತಿಳೀತಿಲ್ಲ. ಬಿಂದಿಗೆ ಹೊತ್ಕಂಡು ಬತ್ತಿದ್ದೆ, ಡೋಲು ಬಡೀತಿದ್ರು, ಅದ್ರಾಗೆ ಅಮ್ಮ ಇಲ್ಲದಿರದೇ ನಂಗೊತ್ತಾಗ್ಲಿಲ್ಲ." ಹಾಗೆಂದವಳು ಕಲ್ಲಿನ ಕಡೆ ತಿರುಗಿ, ಮನೆಯ ಹಿರಿಯರೊಡನೆ ಮಾತಾಡುವ ದನಿಯಲ್ಲಿ, "ನಿನ್ ತಂಪು ತಿಳೀದೋಳು ನಿಂಗೆ ಏನ್ ಸೇವೆ ಮಾಡೇನು ತಾಯಿ" ಎಂದಳು. ಅಳಲಿಲ್ಲ. ಗಾಡಿ ಹತ್ತಿದ ಮೇಲೆ, "ಆ ಮಾತ್ರೆ ಡಬ್ಬಿ ಅಟ್ಟದ ಮ್ಯಾಲೈತೆ, ಇಳಿಸ್ಕೊಡು" ಎಂದಳು.

ಅಲ್ಲಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಆಸ್ಪತ್ರೆಯ ದಾದಿ ಬಂದು ಸೂಜಿಮದ್ದು ಚುಚ್ಚಿ, ಗಾಯ ತೊಳೆದು ಹೋಗುತ್ತಿದ್ದಳು. ರಾಗಿಮುದ್ದೆ ಎಷ್ಟಾದರೂ ಉಣ್ಣಬಹುದು, ರಾಗಿಗೆ ದೋಷವಿಲ್ಲ ಎಂದು ಅಕ್ಕ ತಿಳಿದಿದ್ದಳು. ಮುದ್ದೆಯೂ ಅಳತೆಯಲ್ಲಿರಬೇಕು, ಸೊಪ್ಪು, ಕಾಳು, ತರಕಾರಿ ಹೆಚ್ಚಿರಬೇಕು ಎಂದು ಡಾಕ್ಟರಮ್ಮ ಹೇಳಿದಾಗ, "ಮುದ್ದೆಗೂ ಕಣ್ ಹಾಕ್ದಾ ಈ ಯಮ್ಮ" ಎಂದು ಗೊಣಗಿದಳು. ಗೊಣಗುತ್ತಲೇ ಅರ್ಧ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿದಳು. ಒಂದು ಶುಕ್ರವಾರ ಎಂದಿನಂತೆ ಉಪವಾಸ ಇದ್ದಳು, ಮದ್ದನ್ನು ಮಾತ್ರ ತಪ್ಪಿಸಿರಲಿಲ್ಲ. ಹೊತ್ತೇರುವಾಗ ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲತೊಡಗಿತು. ಡಾಕ್ಟರಮ್ಮ ಮೊದಲೇ ಹೇಳಿಕೊಟ್ಟಿದ್ದರಿಂದ ನಾನು ಓಡಿ ಸಕ್ಕರೆ ನೀರು ಕಲಸಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಕಣ್ಣು ನಿಚ್ಚಳವಾಯಿತು.

"ಸಕ್ರೆ ಬ್ಯಾಡ ಅನ್ನೋರೂ ನೀವೇ, ಕುಡಿ ಅನ್ನೋರೂ ನೀವೇ" ಎಂದಳು ಅಕ್ಕ, ಗೋಡೆಗೆ ಒರಗಿಕೊಂಡು.

"ಮದ್ದು ತಗಂಡು ಉಣ್ಣದೆ ಕೂತ್ರೆ ಹಿಂಗಾಯ್ತದಂತೆ. ಉಪವಾಸ ಇನ್ನು ಇಲ್ಲ ಅಕ್ಕ."

"ಶುಕ್ರವಾರನೂ ಹೋಯ್ತಾ" ಎಂದು ನಿಟ್ಟುಸಿರಿಟ್ಟಳು. ಆಮೇಲೆ ಒಂದು ದಾರಿ ಕಂಡುಕೊಂಡಳು. ಉಪವಾಸದ ಬದಲಿಗೆ ಶುಕ್ರವಾರ ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತಾಡುವುದಿಲ್ಲ ಎಂದು. ಅದು ಹೊಟ್ಟೆಗಿಂತ ಕಷ್ಟದ ವ್ರತ ಎಂದು ನನ್ನ ಯಜಮಾನರು ನಕ್ಕರು. ಅಕ್ಕ ಅವರನ್ನು ದುರುಗುಟ್ಟಿ ನೋಡಿದಳು, ಮಾತಾಡಲಿಲ್ಲ.

ಬೆಳಗಿನ ಮೊದಲ ಕೊಡವನ್ನು ಮಾತ್ರ ಅವಳು ಬಿಡಲಿಲ್ಲ. ಬಾವಿಕಟ್ಟೆಯ ಬಳಿ ಸ್ಟೂಲಿನ ಮೇಲೆ ಕೂತು, ಎಡಗಾಲನ್ನು ಒಂದು ಮಣೆಯ ಮೇಲೆ ಚಾಚಿ, ಹಗ್ಗ ಎಳೆಯುತ್ತಿದ್ದಳು. ಒಂದು ಗುಟುಕು ಕುಡಿದು ನನಗೂ ಕೊಡುತ್ತಿದ್ದಳು. ಎಳನೀರಿನ ಸಿಹಿ ಕಬ್ಬಿನ ತುದಿಯ ಸಿಹಿಗೆ ಇಳಿಯಿತು, ಆಮೇಲೆ ಗರಿಕೆ ಹುಲ್ಲು ಕಚ್ಚಿದರೆ ಬರುತ್ತದಲ್ಲ, ಅಷ್ಟಕ್ಕೆ. ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಾಣಿಸಿದ ದಿನವೇ ನೀರು ಬರೀ ನೀರಾಗಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ಸಂತೋಷ. ಅವಳ ಮುಖದಲ್ಲಿ ಸಂತೋಷದ ಜೊತೆಗೆ ಬೇರೇನೋ ಇತ್ತು.

ಬೀದಿಯಿಂದ ಕೊಡಗಳು ಬರುವುದು ನಿಂತಿತು. ಜಗಳವಾಡಿಕೊಂಡು ನಿಂತದ್ದಲ್ಲ. ಇವತ್ತು ಬಂದವರು ನಾಳೆ ಬರಲಿಲ್ಲ, ಅಷ್ಟೆ. "ಡಾಕ್ಟ್ರಮ್ಮ ಬಂದು ಬೀದಿ ಬಾಯಿನೇ ಸಪ್ಪೆ ಮಾಡಿಟ್ರು" ಎಂದು ಶಂಕ್ರವ್ವ ಬೇಲಿಯಾಚೆಯಿಂದ ಕೇಳಿಸುವಂತೆ ಹೇಳಿದಳು. ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗಿದರು. ಒಳಗೆ ಸೊಪ್ಪು ಸೋಸುತ್ತಿದ್ದ ಅಕ್ಕನ ಕೈ ಒಂದು ಕ್ಷಣ ನಿಂತು ಮತ್ತೆ ನಡೆಯಿತು.

ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ಪೂಜಾರಿ ದ್ಯಾಮಣ್ಣ ಬಂದ. ಬಾವಿಯ ನೀರು ಕುಡಿದು ಮುಖ ಕಿವಿಚಿದ.

"ಹಾಲಕ್ಕ, ಇನ್ನೂ ಹೊತ್ತು ಮೀರಿಲ್ಲ. ಹುಣ್ಣಿಮೆ ತನಕ ಆ ಮದ್ದು ನಿಲ್ಸಿಬುಡು. ಗಾಯ ಹೆಂಗೂ ಮಾಯ್ತಾ ಐತೆ. ಈ ಊರಾಗೆ ನಿನ್ನಷ್ಟು ಶ್ರದ್ಧೆಯಾಗಿ ಬಿಂದಿಗೆ ಹೊರೋರು ಇನ್ನ್ಯಾರವ್ರೆ?"

ಅಕ್ಕ ತಲೆ ತಗ್ಗಿಸಿ ತನ್ನ ಕಾಲಿನ ಕಟ್ಟನ್ನು ನೋಡಿದಳು. ಅವಳು ಒಪ್ಪಿಬಿಡುತ್ತಾಳೆ ಎಂದು ನಾನು ಹೆದರಿದೆ. ಗಾಯ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಈಗ ಬಿಟ್ಟರೆ ಮತ್ತೆ ಬಾಯ್ದೆರೆಯುತ್ತದೆ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

"ನಿಲ್ಸಕ್ಕಿಲ್ಲ ದ್ಯಾಮಣ್ಣ" ಎಂದಳು ಕೊನೆಗೆ.

"ಅಮ್ಮ ಮುನ್ಕಂಡ್ರೆ?"

"ಮುನ್ಕಂಡ್ರೆ ನನ್ಮೇಲೆ ತಾನೇ. ನೀನು ಆಸ್ಪತ್ರೆಗೋಗಿ ಆ ರಕ್ತದ ಒತ್ತಡ ತೋರಿಸ್ಕೊ. ಉಪ್ಪಿನಕಾಯಿ ಹಾಕೋರು ಅಂಗಡಿ ಉಪ್ಪು ತರ್ತಾರೆ."

ದ್ಯಾಮಣ್ಣ ಮುಖ ಊದಿಸಿಕೊಂಡು ಎದ್ದು ಹೋದ. ಅವತ್ತೇ ಸಂಜೆ ಗೊತ್ತಾಯಿತು, ಬಿಂದಿಗೆ ಬಟ್ಟೆ ಅಂಗಡಿಯ ರೇವಣ್ಣನ ಮನೆಗೆ ಹೋಗುತ್ತದೆ ಎಂದು. ರೇವಣ್ಣ ಇನ್ನೂ ನಡುವಯಸ್ಸಿನ ಗಟ್ಟಿ ಆಳು. ಅವನ ಬಾವಿ ಸಿಹಿಯಾಗಿ ಬಹಳ ದಿನವಾಗಿತ್ತಂತೆ, ಹಾಲಕ್ಕನ ಬಾವಿಯ ಮುಂದೆ ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ಹುಣ್ಣಿಮೆಯ ಬೆಳಿಗ್ಗೆ ಡೋಲಿನ ಸದ್ದು ನಮ್ಮ ಮನೆಯ ಮುಂದೆ ಬಂದು, ನಿಲ್ಲದೆ, ರೇವಣ್ಣನ ಮನೆಯ ಕಡೆಗೆ ಹೋಯಿತು. ಅಕ್ಕ ಹಿತ್ತಿಲಲ್ಲಿ ಕೊಡ ಬೆಳಗುತ್ತಿದ್ದಳು. ಸದ್ದು ದೂರವಾಗುವವರೆಗೂ ತಲೆ ಎತ್ತಲಿಲ್ಲ. ಆಮೇಲೆ ನನ್ನನ್ನು ಕರೆದಳು.

"ಎರಡು ಕೊಡ ನೀರು ಗುಡಿ ಹತ್ರ ಸಾಗ್ಸನ ಬಾ. ಬರಿಗಾಲಾಗೆ ತಿರುಗಬ್ಯಾಡ ಅಂದವ್ರೆ, ಚಪ್ಲಿ ಹಾಕ್ಕಂ ಗುಡಿಯೊಳಕ್ಕೆ ಹೋಗಂಗಿಲ್ಲ. ಹೊರಗೆ ಹೊಂಗೆಮರದಡಿ ಅರವಟಿಗೆ ಇಟ್ರೆ ಬ್ಯಾಡ ಅನ್ನಾಕೆ ಯಾರಿಗೂ ಆಗಕ್ಕಿಲ್ಲ."

"ಪಾನಕ ಇರೋ ದಿನ ಬರೀ ನೀರು ಯಾರು ಕುಡೀತಾರಕ್ಕ?"

"ಕುಡೀದಿದ್ರೆ ಮರಕ್ಕೆ ಹಾಕನ."

ಡಾಕ್ಟರಮ್ಮ ಹೇಳಿ ಮಾಡಿಸಿದ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ನನ್ನ ತೋಳು ಹಿಡಿದು ಮೆಲ್ಲಗೆ ನಡೆದು ಬಂದಳು. ಹೊಂಗೆಯ ನೆರಳಲ್ಲಿ ನಾನು ಮೊದಲೇ ಹೊತ್ತು ತಂದಿಟ್ಟಿದ್ದ ಕೊಡಗಳಿಗೆ ಒದ್ದೆ ಬಟ್ಟೆ ಸುತ್ತಿ, ಪಕ್ಕದಲ್ಲಿ ಕೂತಳು. ನಡುಮಧ್ಯಾಹ್ನದ ಹೊತ್ತಿಗೆ ರೇವಣ್ಣ ಬಿಂದಿಗೆ ಹೊತ್ತು ಬಂದ. ಪೂಜೆಯಾಯಿತು. ಪಾನಕ ಹಂಚಿದರು. ಜನ ಬೊಗಸೆ ಬೊಗಸೆ ಕುಡಿದು, ಪ್ರಾಂಗಣದ ಕಾದ ಚಪ್ಪಡಿಗಳ ಮೇಲೆ ಕಾಲು ನಿಲ್ಲಿಸಲಾರದೆ ಕುಪ್ಪಳಿಸುತ್ತ ಹೊರಗೆ ಬರುತ್ತಿದ್ದರು.

ಮೊದಲು ನಮ್ಮ ಕಡೆ ಬಂದವನು ದ್ಯಾಮಣ್ಣ. ಅಕ್ಕನ ಮುಖ ನೋಡದೆ, ಕೊಡವನ್ನು ನೋಡುತ್ತ ನಿಂತ.

"ಒಂದು ಲೋಟ ನೀರು ಕೊಡವ್ವ."

"ಸಪ್ಪೆ ಐತೆ ದ್ಯಾಮಣ್ಣ."

"ಸಪ್ಪೆದೇ ಕೊಡು. ಬಾಯೆಲ್ಲ ಅಂಟಂಟಾಗಿ ನಾಲ್ಗೆ ಎತ್ತಾಕಾಗ್ತಿಲ್ಲ."

ಅವನು ಕತ್ತೆತ್ತಿ ಗಟಗಟನೆ ಕುಡಿದು, ಕಣ್ಣು ಮುಚ್ಚಿ ಉಸಿರು ಬಿಟ್ಟ. ಅವನ ಹಿಂದೆ ಶಂಕ್ರವ್ವ. ಅವಳ ಹಿಂದೆ ಅವಳ ಮಗಳು, ಅಳಿಯ. ಆ ಬಿಸಿಲಲ್ಲಿ ಸಿಹಿ ಕುಡಿದವರಿಗೆಲ್ಲ ನೀರು ಬೇಕಾಗಿತ್ತು. ಇಷ್ಟು ವರ್ಷವೂ ಬೇಕಾಗಿರುತ್ತಿತ್ತೋ ಏನೋ, ಕೊಡುವವರು ಇರಲಿಲ್ಲ. "ಇನ್ನೊಂದು ಚೂರು ಹಾಕು ಹಾಲಕ್ಕ" ಎಂದು ಕೈ ಒಡ್ಡಿದವರಿಗೆಲ್ಲ ಅಕ್ಕ ಬಗ್ಗಿಸಿ ಬಗ್ಗಿಸಿ ಹೊಯ್ದಳು. ಒಂದು ಕೊಡ ಬರಿದಾಯಿತು.

ಆಗ ರೇವಣ್ಣ ಬಂದ. ಕೊರಳಲ್ಲಿ ಹಾರ, ಹೆಗಲ ಮೇಲೆ ಅಮ್ಮನ ಹಳದಿ ವಸ್ತ್ರ. ಲೋಟ ಖಾಲಿ ಮಾಡಿ ಮತ್ತೆ ಒಡ್ಡಿದ. ಮತ್ತೆ ಖಾಲಿ ಮಾಡಿ ಮತ್ತೆ ಒಡ್ಡಿದ. ನೀರು ಹೊಯ್ಯುತ್ತಿದ್ದ ಅಕ್ಕನ ಕಣ್ಣು ಲೋಟದಿಂದ ಜಾರಿ ಅವನ ಕಾಲಿನ ಮೇಲೆ ನಿಂತಿತು. ಅವನು ಮರದ ನೆರಳಿನ ಆಚೆ, ಕಾದ ಚಪ್ಪಡಿಯ ಮೇಲೆ, ಬರಿಗಾಲಲ್ಲಿ ಕಂಬದಂತೆ ನಿಂತಿದ್ದ. ಸುತ್ತ ನಿಂತವರೆಲ್ಲ ಒಂದು ಕಾಲೆತ್ತಿ ಒಂದು ಕಾಲಿಡುತ್ತಿದ್ದರು.

"ರೇವಣ್ಣ, ಕಾಲು ಸುಡ್ತಿಲ್ವಾ ನಿಂಗೆ?"

"ಇಲ್ಲ ಕಣಕ್ಕ. ಯಾಕೆ?"

ಅಕ್ಕ ಲೋಟವನ್ನು ನನ್ನ ಕೈಗಿಟ್ಟಳು. ಬಗ್ಗಿ, ತನಗಿಂತ ಎಷ್ಟೋ ಚಿಕ್ಕವನಾದ ಅವನ ಹಿಮ್ಮಡಿ ಎತ್ತಿ ಅಂಗಾಲನ್ನು ಮುಟ್ಟಿ ನೋಡಿದಳು. ಅವನು ಗಾಬರಿಯಾಗಿ ಹಿಂದೆ ಸರಿದ. "ಏನಕ್ಕ ಇದು, ನೀನು ನನ್ ಕಾಲ್ ಮುಟ್ಟದಾ, ಪಾಪ ಬತ್ತದೆ."

"ಬೊಬ್ಬೆ ಎದ್ದೈತೆ ಕಣಪ್ಪ" ಎಂದಳು ಅಕ್ಕ, ತಣ್ಣಗೆ. ಎದ್ದು ನಿಂತು ಅವನ ಮಣಿಕಟ್ಟು ಹಿಡಿದುಕೊಂಡಳು. "ನಾಳೆ ಅನ್ನಬ್ಯಾಡ. ಈಗ್ಲೇ ಬಾ ನನ್ ಜೊತೆ. ಗಿರ್ಜಿ, ನಿನ್ ಯಜಮಾನ್ರು ಮರದಡಿ ಬಿಟ್ಟಿರೋ ಚಪ್ಲಿ ಅವನಿಗೆ ಕೊಡು."

"ಎಲ್ಲಿಗಕ್ಕ? ನಾನಿನ್ನೂ ಸೇವೆ ಮುಗಿಸಿ ಮನೆ ಸೇರಿಲ್ಲ, ಡೋಲು ಹಿಂದೇನೇ ಬತ್ತದೆ."

"ಬಂದ್ರೆ ಬರ್ಲಿ."

ಸೇವೆಯ ಬಿಂದಿಗೆ ಹೊತ್ತವರು ಮನೆ ಸೇರುವ ತನಕ ಡೋಲು ನಿಲ್ಲುವಂತಿಲ್ಲ, ಅದು ನಮ್ಮೂರ ಪದ್ಧತಿ. ಡೋಲಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಬಡಿಯುತ್ತ ಅವರ ಹಿಂದೆ ನಡೆದರು. ಡೋಲು ಹೋದ ಕಡೆಗೆ ಜನ ಹೋಗಲೇಬೇಕಲ್ಲ, ಶಂಕ್ರವ್ವ ಹೊರಟಳು, ದ್ಯಾಮಣ್ಣ ಹೊರಟ, ಬೀದಿಗೆ ಬೀದಿಯೇ ಹೊರಟಿತು. ರೇವಣ್ಣ ಹಾರ ಹಾಕಿಕೊಂಡು ನಾಚಿಕೆಯಿಂದ ತಲೆ ತಗ್ಗಿಸಿ ನಡೆಯುತ್ತಿದ್ದ. ಅಕ್ಕ ಅವನ ಕೈ ಬಿಡದೆ, ತನ್ನ ಎಡಗಾಲನ್ನು ಜೋಪಾನವಾಗಿ ಎತ್ತಿಡುತ್ತ, ಸೆರಗು ಗಾಳಿಗೆ ಹಾರುತ್ತಿದ್ದರೂ ಲೆಕ್ಕಿಸದೆ ನಡೆದಳು. ನಾನು ಉಳಿದ ಕೊಡ ಹೊತ್ತು ಹಿಂದೆ ಓಡಿದೆ.

ಡಾಕ್ಟರಮ್ಮ ಊಟಕ್ಕೆ ಕೂತಿದ್ದರೆಂದು ತೋರುತ್ತದೆ. ಎಂಜಲು ಕೈಯಲ್ಲೇ ಆಸ್ಪತ್ರೆಯ ಬಾಗಿಲಿಗೆ ಬಂದು, ಡೋಲು, ಹಾರ, ಊರಿನ ಜನ ಎಲ್ಲವನ್ನೂ ಕಂಡು ಬೆಪ್ಪಾಗಿ ನಿಂತರು. ಅಕ್ಕ ಡೋಲಿನವರಿಗೆ ಸುಮ್ಮನಿರುವಂತೆ ಕೈ ಮಾಡಿದಳು. ಪದ್ಧತಿ ಮುರಿದು ಡೋಲು ನಿಂತಿತು.

"ಊಟ ಮುಗಿಸ್ಕಂಡು ಬನ್ನಿ ಡಾಕ್ಟ್ರಮ್ಮ, ನಾವು ಕಾಯ್ತೀವಿ" ಎಂದಳು. "ಕಣ್ಣು ಮುಚ್ಚಿಸಿ ಬೆರಳು ಮುಟ್ಟಿ ನೋಡ್ತೀರಲ್ಲ, ಅದನ್ನ ಮೊದ್ಲು ಇವನಿಗೆ ಮಾಡಿ. ಆಮ್ಯಾಕೆ ದ್ಯಾಮಣ್ಣನ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿ. ಅವನೂ ಬಂದವ್ನೆ."

ದ್ಯಾಮಣ್ಣ ಹಿಂದಕ್ಕೆ ಸರಿಯಲು ನೋಡಿದ. ಬೀದಿಯೆಲ್ಲ ಹಿಂದೆ ನಿಂತಿತ್ತು, ಸರಿಯಲು ಜಾಗವಿರಲಿಲ್ಲ.